ನೂರರಲ್ಲಿ 46 ಜನ ಕೃಷಿಯಲ್ಲಿ, ಉತ್ಪಾದನೆ 18 ಪಾಲು: ನಾವು ದುಡಿಯುತ್ತಿಲ್ಲ ಅಂತಲೇ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ನಾಲ್ಕು ಎಕರೆ ಹೊಲದಲ್ಲಿ ಗೋವಿನಜೋಳ, ಹತ್ತಿ ಬೆಳೆಯುತ್ತೇವೆ. ಅಪ್ಪ, ಅವ್ವ, ಅಣ್ಣ, ನಾನು ನಾಲ್ವರೂ ದುಡಿಯುತ್ತೇವೆ. ನಾನು ಬಿ.ಕಾಂ. ಮುಗಿಸಿ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ದೇಶದ ದುಡಿಯುವವರಲ್ಲಿ ಶೇ. 46 ಜನ ಕೃಷಿಯಲ್ಲಿದ್ದಾರೆ, ಆದರೆ ಉತ್ಪಾದನೆಯಲ್ಲಿ ಕೃಷಿಯ ಪಾಲು ಶೇ. 18 ಮಾತ್ರ ಎಂದು ಓದಿದೆ. ಹಾಗಾದರೆ ನಾವು ಸರಿಯಾಗಿ ದುಡಿಯುತ್ತಿಲ್ಲವೇ? ಸೇವಾ ವಲಯ ಅರ್ಧಕ್ಕಿಂತ ಜಾಸ್ತಿ ಇದ್ದರೆ ಅಲ್ಲಿ ಕೆಲಸ ಯಾಕೆ ಸಿಗುತ್ತಿಲ್ಲ? ಒಂದೊಂದು ಪುಸ್ತಕದಲ್ಲಿ ಒಂದೊಂದು ಅಂಕಿ ಇದೆ, ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಮನೆಯವರ ದುಡಿಮೆಯ ಬಗ್ಗೆ ಆ ಎರಡು ಅಂಕಿಗಳು ಏನನ್ನೂ ಹೇಳುವುದಿಲ್ಲ. ಹೊಲ ಬಿಟ್ಟು ಹೊರಗೆ ಹೋದರೆ ನಿಮ್ಮಂಥವರನ್ನು ಕರೆದು ಕೆಲಸ ಕೊಡುವ ಜಾಗ ಎಷ್ಟು ಕಡಿಮೆ ಇದೆ ಅನ್ನುವುದನ್ನು ಮಾತ್ರ ಹೇಳುತ್ತವೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನೀವು ಓದಿದ ಎರಡೂ ಅಂಕಿ ಸರಿಯೇ ಇವೆ, ಆದರೆ ಅವನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಬಹಳ ಜನ ಎಡವುತ್ತಾರೆ.

ಮೊದಲು ಶೇಕಡಾವಾರನ್ನು ರೂಪಾಯಿಗೆ ಇಳಿಸೋಣ. 2023-24ರಲ್ಲಿ ದೇಶದ ಒಟ್ಟು ಮೌಲ್ಯವರ್ಧನೆ ಸುಮಾರು 270 ಲಕ್ಷ ಕೋಟಿ ರೂಪಾಯಿ. ದುಡಿಯುವವರು 56-57 ಕೋಟಿ. ಕೃಷಿ, ಹೈನುಗಾರಿಕೆ, ಮೀನುಗಾರಿಕೆ ಎಲ್ಲ ಸೇರಿ ಒಟ್ಟು ಮೌಲ್ಯವರ್ಧನೆಯಲ್ಲಿ 18 ಪಾಲು ಅಂದರೆ ಸುಮಾರು 48-49 ಲಕ್ಷ ಕೋಟಿ. ಅದನ್ನು ಅಲ್ಲಿರುವ 26 ಕೋಟಿ ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 1 ಲಕ್ಷ 85 ಸಾವಿರದ ಆಸುಪಾಸು. ಉಳಿದ ಎಲ್ಲ ವಲಯಗಳನ್ನು ಒಟ್ಟು ಮಾಡಿ ಹಂಚಿದರೆ ತಲೆಗೆ 7 ಲಕ್ಷ ದಾಟುತ್ತದೆ. ಹೆಚ್ಚುಕಡಿಮೆ ನಾಲ್ಕು ಪಟ್ಟು. ಇದು ನನ್ನ ಒರಟು ಲೆಕ್ಕ, ಆದರೆ ಅಂತರದ ಗಾತ್ರ ಗೊತ್ತಾಗಲು ಸಾಕು. ಇನ್ನೊಂದು ಮಾತು: ಇದು ಯಾರ ಕೈಗೂ ಬರುವ ಆದಾಯವಲ್ಲ. ಕೂಲಿ, ಸಂಬಳ, ಬಡ್ಡಿ, ಬಾಡಿಗೆ, ಲಾಭ ಎಲ್ಲ ಸೇರಿದ ಮೊತ್ತ ಇದು.

ಮೌಲ್ಯವರ್ಧನೆ ಅಂದರೆ ಏನು? ನೀವು ಒಂದು ಲಕ್ಷದ ಗೋವಿನಜೋಳ ಮಾರಿದಿರಿ ಅಂದುಕೊಳ್ಳಿ. ಬೀಜ, ಗೊಬ್ಬರ, ಔಷಧಿ, ಟ್ರ್ಯಾಕ್ಟರ್ ಬಾಡಿಗೆಗೆ 40 ಸಾವಿರ ಹೋಯಿತು. ಉಳಿದ 60 ಸಾವಿರ ಕೃಷಿಯ ಖಾತೆಗೆ ಬರುತ್ತದೆ. ಕಳೆ ತೆಗೆಯಲು ಬಂದವರಿಗೆ ಕೊಟ್ಟ ಕೂಲಿಯನ್ನು ಇಲ್ಲಿ ಕಳೆಯುವುದಿಲ್ಲ, ಅದು ಈ 60 ಸಾವಿರದ ಒಳಗೇ ಇದೆ. ಮುಂದೆ ನಿಮ್ಮ ಜೋಳ ಲಾರಿ ಹತ್ತಿದರೆ ಆ ಬಾಡಿಗೆ ಸಾರಿಗೆಗೆ, ಅಂದರೆ ಸೇವೆಗೆ. ಕೋಳಿ ಮೇವಿನ ಕಾರ್ಖಾನೆಗೆ ಹೋದರೆ ಅಲ್ಲಿ ಸೇರುವ ಬೆಲೆ ಕೈಗಾರಿಕೆಗೆ. ಆ ಮೇವು ತಿಂದ ಕೋಳಿ ಮತ್ತೆ ಕೃಷಿಯ ಲೆಕ್ಕಕ್ಕೇ ವಾಪಸ್. ಅದರ ಮೊಟ್ಟೆಯಿಂದ ಹೋಟೆಲಿನಲ್ಲಿ ಆಮ್ಲೆಟ್ ಮಾಡಿದರೆ ಮತ್ತೆ ಸೇವೆ. ನಿಮ್ಮ ಹೊಲದಲ್ಲಿ ಶುರುವಾದ ಸರಪಳಿಯಲ್ಲಿ ಹೊಲದ ಖಾತೆಗೆ ಬೀಳುವುದು ಒಂದು ತುಂಡು ಮಾತ್ರ.

ಅದೂ ಕ್ವಿಂಟಲ್ ಲೆಕ್ಕದಲ್ಲಲ್ಲ, ರೂಪಾಯಿ ಲೆಕ್ಕದಲ್ಲಿ. ಒಳ್ಳೆ ಮಳೆಯಾಗಿ ಎಲ್ಲರ ಹೊಲದಲ್ಲೂ ಬೆಳೆ ಬಂದ ವರ್ಷ ಎಪಿಎಂಸಿಯಲ್ಲಿ ದರ ಬೀಳುವುದನ್ನು ನೀವೇ ನೋಡಿರುತ್ತೀರಿ. ಅಂಥ ವರ್ಷ ದುಡಿಮೆ ಜಾಸ್ತಿ, ಬೆಳೆ ಜಾಸ್ತಿ, ಆದರೂ ಆ ಬೆಳೆಯಿಂದ ಲೆಕ್ಕಕ್ಕೆ ಬರುವ ಮೊತ್ತ ಇಳಿಯಬಹುದು. ಈಗ ಪೇಟೆಯ ಕಡೆ ನೋಡಿ. ಬೆಂಗಳೂರಿನಲ್ಲಿ ಸ್ವಂತ ಮನೆಯಲ್ಲಿರುವವರು ಯಾರಿಗೂ ಬಾಡಿಗೆ ಕೊಡುವುದಿಲ್ಲ. ಆದರೂ ಆ ಮನೆಗೆ ಎಷ್ಟು ಬಾಡಿಗೆ ಬರಬಹುದಿತ್ತು ಅಂತ ಅಂದಾಜು ಮಾಡಿ ಸೇವಾ ವಲಯಕ್ಕೆ ಸೇರಿಸುತ್ತಾರೆ. ಇದು ಎಲ್ಲ ದೇಶಗಳೂ ಪಾಲಿಸುವ ನಿಯಮ. ನಿಮ್ಮ ಊರಿನ ಮನೆಯೂ ಸೇರುತ್ತದೆ, ಮೊತ್ತ ಸಣ್ಣದು ಅಷ್ಟೇ. ಅಲ್ಲಿ ಉತ್ಪಾದನೆ ಇದೆ, ಕೆಲಸಗಾರ ಒಬ್ಬನೂ ಇಲ್ಲ! ನಿಮ್ಮ ಅವ್ವ ದಿನಾ ಮಾಡುವ ಅಡುಗೆಗೆ ಮಾತ್ರ ಈ ಲೆಕ್ಕದಲ್ಲಿ ಜಾಗವಿಲ್ಲ.

ಇನ್ನು ತಲೆ ಎಣಿಸುವ ಕಡೆಯ ಕತೆ. ಶೇ. 46 ಅನ್ನುವ ಅಂಕಿ ಬರುವುದು ಕೇಂದ್ರ ಸರ್ಕಾರದ 2023-24ರ ನಿಯತಕಾಲಿಕ ದುಡಿಮೆ ಸಮೀಕ್ಷೆಯಿಂದ, ಇಂಗ್ಲಿಷಿನಲ್ಲಿ ಪಿಎಲ್‌ಎಫ್‌ಎಸ್ ಅನ್ನುತ್ತಾರೆ. ಅಲ್ಲಿ ಒಬ್ಬ ಮನುಷ್ಯ ವರ್ಷದಲ್ಲಿ ಹೆಚ್ಚು ಕಾಲ ಯಾವ ಕೆಲಸ ಮಾಡಿದ ಅನ್ನುವುದನ್ನು ನೋಡಿ ಒಂದು ವಲಯಕ್ಕೆ ಹಾಕುತ್ತಾರೆ. ಒಬ್ಬ ಮನುಷ್ಯ, ಒಂದು ವಲಯ. ಆದರೆ ಉತ್ತರ ಕರ್ನಾಟಕದಿಂದ ಪ್ರತಿ ವರ್ಷ ಗುಳೆ ಹೋಗುವವರನ್ನು ನೆನೆಸಿಕೊಳ್ಳಿ. ಏಳು ತಿಂಗಳು ಹೊಲ, ನಾಲ್ಕು ತಿಂಗಳು ಗೋವಾದಲ್ಲೋ ಬೆಂಗಳೂರಿನಲ್ಲೋ ಸೆಂಟ್ರಿಂಗ್ ಕೆಲಸ. ಅವರ ತಲೆ ಪೂರ್ತಿಯಾಗಿ ಕೃಷಿಯ ಕಡೆ ಎಣಿಕೆಯಾಗುತ್ತದೆ. ಅವರು ಕಟ್ಟಿದ ಗೋಡೆಯ ಬೆಲೆ ಮಾತ್ರ ನಿರ್ಮಾಣ ವಲಯಕ್ಕೆ ಹೋಗುತ್ತದೆ. ದುಡಿಮೆ ಎರಡು ಕಡೆ, ತಲೆ ಒಂದೇ ಕಡೆ. 46ಕ್ಕೂ 18ಕ್ಕೂ ಇರುವ ಅಂತರದ ಒಂದು ಭಾಗ ಹೀಗೇ ಹುಟ್ಟುತ್ತದೆ.

ರೈತರ ಮನೆಗಳ ಆದಾಯದ ಲೆಕ್ಕ ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. 2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಒಂದು ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798. ಕೂಲಿ ಮತ್ತು ಸಂಬಳದಿಂದ ಬಂದದ್ದು 4,063. ದನಕರುಗಳಿಂದ 1,582. ರೈತ ಎಂದು ಕರೆಸಿಕೊಳ್ಳುವ ಮನೆಗೆ ಬೆಳೆಗಿಂತ ಕೂಲಿ, ಸಂಬಳದ ದುಡ್ಡೇ ಜಾಸ್ತಿ! ಇದನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯಿರಿ. ಹೆಚ್ಚಿನವರು ಬರೆಯುವುದಿಲ್ಲ.

ಹಾಗಂತ ಅಂತರ ಪೂರ್ತಿ ಲೆಕ್ಕದ ಆಟ ಅಂತ ನಾನು ಹೇಳುತ್ತಿಲ್ಲ. ಹೊಲದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಕೈಗಳು ಇರುವುದು ನಿಜ. ಆರ್ಥರ್ ಲೂಯಿಸ್ ಎಂಬ ಅರ್ಥಶಾಸ್ತ್ರಜ್ಞರು 1954ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ತಿರುಳೇ ಇದು. ನಾಲ್ವರಲ್ಲಿ ಒಬ್ಬರು ಬೇರೆ ಕೆಲಸಕ್ಕೆ ಹೋದರೂ ಬೆಳೆ ಅಷ್ಟೇ ಬರುವುದಾದರೆ, ಆ ನಾಲ್ಕನೆಯವರು ಕಾಗದದ ಮೇಲೆ ಉದ್ಯೋಗಿ, ನಿಜದಲ್ಲಿ ಅರ್ಧ ಕೆಲಸ ಇಲ್ಲದವರು. ಇಂಥ ಕೆಲಸಕ್ಕೆ ಲೂಯಿಸ್ ಅವರಿಗೆ 1979ರಲ್ಲಿ ನೊಬೆಲ್ ಬಂತು.

ಇದನ್ನು ಓದಿ ನಿಮ್ಮ ಅಪ್ಪ ನಗಬಹುದು. 'ಕಳೆ ತೆಗೆಯೋಕೆ ಆಳು ಸಿಗಲ್ಲ, ಇವರು ಜನ ಜಾಸ್ತಿ ಆಗಿದ್ದಾರೆ ಅಂತಾರೆ' ಅನ್ನಬಹುದು. ಅವರ ಮಾತೂ ಸರಿ. ಬಿತ್ತುವ ವಾರ, ಕಳೆ ತೆಗೆಯುವ ವಾರ, ಕೊಯ್ಲಿನ ವಾರ, ಊರಿಗೆ ಊರೇ ಒಟ್ಟಿಗೆ ಆಳು ಹುಡುಕುತ್ತದೆ. ಉಳಿದ ತಿಂಗಳು ಅದೇ ಕೈಗಳಿಗೆ ಪೂರ್ತಿ ಕೆಲಸ ಇರುವುದಿಲ್ಲ. ಆ ಕೆಲವು ವಾರಗಳಿಗಾಗಿ ಮನೆ ತನ್ನ ನಾಲ್ಕು ಜನರನ್ನೂ ಊರಲ್ಲೇ ಇಟ್ಟುಕೊಳ್ಳುತ್ತದೆ. ಕಾರ್ಖಾನೆಗೆ ವರ್ಷ ಪೂರ್ತಿ ಒಂದೇ ಪ್ರಮಾಣದ ಕೆಲಸ, ಹೊಲಕ್ಕೆ ಹಾಗಿಲ್ಲ. ವರ್ಷದ ಸರಾಸರಿ ತೆಗೆದಾಗ ಈ ಏರಿಳಿತ ಅಳಿಸಿಹೋಗಿ ನಾಲ್ಕು ತಲೆ ಮಾತ್ರ ಕಾಣುತ್ತದೆ.

ಜನ ಹೊಲಕ್ಕೆ ಅಂಟಿಕೊಳ್ಳುವುದಕ್ಕೆ ನಮ್ಮ ರಾಜ್ಯದಲ್ಲಿ ಇನ್ನೊಂದು ಕಾರಣವೂ ಇದೆ. 1974ರ ಭೂ ಸುಧಾರಣೆ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಉಳುವವನಿಗೆ ಭೂಮಿ ಸಿಗಲಿ ಅಂತ ಬಂದ ನಿಯಮ ಅದು, ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟಿತು. ಆದರೆ ಇವತ್ತು ಹೊಲ ಲಾವಣಿಗೆ ಹಾಕಿ ಪೇಟೆಗೆ ಹೋಗಬೇಕೆಂದರೆ ಎಲ್ಲ ಬಾಯಿಮಾತಿನ ಒಪ್ಪಂದ. ಭೂಮಿ ಕೈತಪ್ಪೀತು ಎಂಬ ಹೆದರಿಕೆಗೆ ಮನೆಯ ಒಬ್ಬರಾದರೂ ಊರಲ್ಲಿ ಉಳಿಯುತ್ತಾರೆ. ಲಿಖಿತ ಗೇಣಿಗೆ ಅವಕಾಶ ಕೊಟ್ಟು, ಒಡೆತನಕ್ಕೆ ಧಕ್ಕೆ ಬಾರದಂತೆ ಕಾನೂನು ಮಾಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಜನ ಇದ್ದಾರೆ, ಅವರ ಆತಂಕವೂ ಸುಳ್ಳಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1951ರಲ್ಲಿ ದೇಶದ ದುಡಿಯುವವರಲ್ಲಿ ಸುಮಾರು ಶೇ. 70 ಜನ ಕೃಷಿಯಲ್ಲಿದ್ದರು. ಉತ್ಪಾದನೆಯ ಅರ್ಧದಷ್ಟು ಅಲ್ಲಿಂದಲೇ ಬರುತ್ತಿತ್ತು. ಅಲ್ಲಿಂದ ಇಲ್ಲಿಗೆ ಉತ್ಪಾದನೆಯ ಪಾಲು ಆಗ ಇದ್ದದ್ದರ ಸುಮಾರು ಮೂರನೇ ಒಂದಕ್ಕೆ ಇಳಿದಿದೆ. ಜನರ ಪಾಲು ಇನ್ನೂ ಆಗ ಇದ್ದದ್ದರ ಮೂರನೇ ಎರಡರಲ್ಲಿ ನಿಂತಿದೆ. ಉತ್ಪಾದನೆಯ ಪಾಲು ಇಳಿಯುವುದು ಕೆಟ್ಟದ್ದೇನಲ್ಲ. ಜನರ ಕೈಯಲ್ಲಿ ದುಡ್ಡು ಹೆಚ್ಚಾದಂತೆ ಊಟಕ್ಕೆ ಹೋಗುವ ಭಾಗ ಕಡಿಮೆಯಾಗುತ್ತದೆ. 1999-2000ದಲ್ಲಿ ಹಳ್ಳಿಯ ಮನೆ ತನ್ನ ಖರ್ಚಿನ ಶೇ. 59ನ್ನು ಆಹಾರಕ್ಕೆ ಹಾಕುತ್ತಿತ್ತು, 2023-24ರಲ್ಲಿ ಅದು ಶೇ. 47. ಆದರೆ ಶ್ರೀಮಂತವಾದ ದೇಶಗಳಲ್ಲಿ ಎರಡೂ ಪಾಲು ಜೊತೆಜೊತೆಗೆ ಇಳಿದವು. ದಕ್ಷಿಣ ಕೊರಿಯಾದಲ್ಲಿ 1963ರಲ್ಲಿ ಶೇ. 63 ಜನ ಹೊಲದಲ್ಲಿದ್ದರು, ಈಗ ಶೇ. 5ರ ಆಸುಪಾಸು. ಚೀನಾದಲ್ಲಿ 2000ದಲ್ಲಿ ಅರ್ಧ ಜನ ಇದ್ದರು, ಈಗ ಕಾಲು ಭಾಗಕ್ಕಿಂತ ಕಡಿಮೆ. ಅಲ್ಲಿ ಹೊಲ ಬಿಟ್ಟವರನ್ನು ಕಾರ್ಖಾನೆಗಳು ಕರೆದವು.

ನಮ್ಮಲ್ಲಿ ಕರೆಯಲಿಲ್ಲ. ತಯಾರಿಕಾ ವಲಯದ ಪಾಲನ್ನು ಶೇ. 25ಕ್ಕೆ ಏರಿಸುತ್ತೇವೆ, 2022ರೊಳಗೆ 10 ಕೋಟಿ ಕೆಲಸ ಕೊಡುತ್ತೇವೆ ಎಂದು 2011ರ ರಾಷ್ಟ್ರೀಯ ತಯಾರಿಕಾ ನೀತಿ ಹೇಳಿತ್ತು. 2014ರ 'ಮೇಕ್ ಇನ್ ಇಂಡಿಯಾ' ಅದೇ ಗುರಿಯನ್ನು ಇಟ್ಟುಕೊಂಡಿತು. 2023-24ರಲ್ಲಿ ಆ ವಲಯ ಆ ವರ್ಷದ ಬೆಲೆಯಲ್ಲಿ ಶೇ. 14ರ ಹತ್ತಿರವೇ ಇತ್ತು. ಅಲ್ಲಿ ದುಡಿಯುವವರು ಶೇ. 11.4. ನೋಂದಾಯಿತ ಕಾರ್ಖಾನೆಗಳಲ್ಲಿ ಇರುವವರು ಸುಮಾರು 1.95 ಕೋಟಿ ಮಾತ್ರ, ಅಂದರೆ ದೇಶದ ದುಡಿಯುವವರಲ್ಲಿ ನೂರಕ್ಕೆ ಮೂರೂವರೆ. ಕಾರ್ಖಾನೆಗಳೇನೋ ಬೆಳೆದವು. ಆದರೆ ಜಾಸ್ತಿ ಬೆಳೆದದ್ದು ಯಂತ್ರ ಹೆಚ್ಚು, ಜನ ಕಡಿಮೆ ಬೇಕಾಗುವ ಬಗೆಯವು: ತೈಲ ಶುದ್ಧೀಕರಣ, ರಾಸಾಯನಿಕ, ಔಷಧಿ, ವಾಹನ. ಗಾರ್ಮೆಂಟ್ಸ್, ಚಪ್ಪಲಿ, ಆಟಿಕೆಯಂಥ ಜನ ಹೆಚ್ಚು ಬೇಕಾಗುವ ಕಡೆ ಚೀನಾ, ಬಾಂಗ್ಲಾದೇಶ, ವಿಯೆಟ್ನಾಂ ಮುಂದೆ ಹೋದವು.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಸೇವಾ ವಲಯದ ಉತ್ಪಾದನೆ ಶೇ. 54-55, ಅಲ್ಲಿ ದುಡಿಯುವವರು ಶೇ. 30ರಷ್ಟು. ಈ ಸರಾಸರಿಯನ್ನು ನಂಬಬೇಡಿ, ಒಳಗೆ ಎರಡು ಬೇರೆ ಬೇರೆ ಲೋಕಗಳಿವೆ. ಹಣಕಾಸು, ರಿಯಲ್ ಎಸ್ಟೇಟ್, ವೃತ್ತಿಪರ ಸೇವೆಗಳು ಒಂದು ಗುಂಪು. ಸಾಫ್ಟ್‌ವೇರ್ ಇದರಲ್ಲೇ ಸೇರುತ್ತದೆ, ನಾನು ಆಗ ಹೇಳಿದ ಸ್ವಂತ ಮನೆಯ ಬಾಡಿಗೆಯೂ ಇಲ್ಲೇ. ದೇಶದ ಉತ್ಪಾದನೆಯಲ್ಲಿ ಈ ಗುಂಪಿನ ಪಾಲು ಐದನೇ ಒಂದು ಭಾಗಕ್ಕೂ ಜಾಸ್ತಿ. ದುಡಿಯುವವರಲ್ಲಿ ನೂರಕ್ಕೆ ಐವರೂ ಇಲ್ಲ. ಐಟಿ ಉದ್ಯಮ ಒಂದನ್ನೇ ನೋಡಿ: ಸುಮಾರು 54 ಲಕ್ಷ ಜನ, ದೇಶದ ದುಡಿಯುವವರಲ್ಲಿ ನೂರಕ್ಕೆ ಒಬ್ಬರು, ಜಿಡಿಪಿಗೆ ಹೋಲಿಸಿದರೆ ಶೇ. 7ರಷ್ಟು ವಹಿವಾಟು. ಇನ್ನೊಂದು ಲೋಕದಲ್ಲಿ ಅಂಗಡಿ, ಹೋಟೆಲು, ಆಟೋ, ಲಾರಿ, ಸೆಕ್ಯೂರಿಟಿ ಕೆಲಸ, ಮನೆಗೆಲಸ. ಕೆಲಸ ಸಿಗುವುದು ಹೆಚ್ಚಾಗಿ ಇಲ್ಲಿ.

ಈ ಎರಡನೇ ಲೋಕದ ಲೆಕ್ಕ ನೋಡಿದರೆ ಬೆರಗಾಗುತ್ತದೆ. 2023-24ರ ಅಸಂಘಟಿತ ಉದ್ಯಮಗಳ ಸಮೀಕ್ಷೆಯಲ್ಲಿ ಕೃಷಿ ಮತ್ತು ಕಟ್ಟಡ ಕೆಲಸ ಬಿಟ್ಟು 7.34 ಕೋಟಿ ಸಣ್ಣ ಘಟಕಗಳು ಸಿಕ್ಕಿವೆ: ಕಿರಾಣಿ ಅಂಗಡಿ, ಟೈಲರ್, ಗ್ಯಾರೇಜ್, ಹಿಟ್ಟಿನ ಗಿರಣಿ. ಒಟ್ಟು 12.06 ಕೋಟಿ ಜನ. ಘಟಕಕ್ಕೆ ಇಬ್ಬರೂ ಇಲ್ಲ. ತಲೆಗೆ ವರ್ಷದ ಮೌಲ್ಯವರ್ಧನೆ ಸುಮಾರು 1.5 ಲಕ್ಷ ರೂಪಾಯಿ. ಕೃಷಿಯಲ್ಲಿ ನಾನು ಲೆಕ್ಕ ಹಾಕಿದ್ದು 1.85 ಲಕ್ಷ. ಎರಡರ ಲೆಕ್ಕದ ವಿಧಾನ ಬೇರೆ, ಭೂಮಿಯ ಪಾಲೂ ಕೃಷಿಯಲ್ಲಿ ಸೇರಿದೆ, ಹಾಗಾಗಿ ಕೂದಲು ಸೀಳುವುದು ಬೇಡ. ಆದರೂ ಒಂದು ವಿಷಯ ಸ್ಪಷ್ಟ. ಹೊಲ ಬಿಟ್ಟು ಪೇಟೆಯಲ್ಲಿ ಸಣ್ಣ ಅಂಗಡಿ ಹಾಕಿದವರ ವಲಯ ಬದಲಾಗುತ್ತದೆ, ಉತ್ಪಾದಕತೆ ಬದಲಾಗುವುದಿಲ್ಲ. ಅದೇ ನೋಂದಾಯಿತ ಕಾರ್ಖಾನೆಯಲ್ಲಿ ಆ ಮೊತ್ತ ತಲೆಗೆ 12 ಲಕ್ಷದ ಮೇಲಿದೆ. ನಾಲ್ಕು ಪಟ್ಟಿನ ಅಂತರ ಹೊಲಕ್ಕೂ ಪೇಟೆಗೂ ನಡುವೆ ಇದೆ ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಇರುವುದು ದೊಡ್ಡ, ನೋಂದಾಯಿತ ಸಂಸ್ಥೆಗಳಿಗೂ ಉಳಿದೆಲ್ಲರಿಗೂ ನಡುವೆ. ಆ ಉಳಿದವರಲ್ಲಿ ನಿಮ್ಮ ಅಪ್ಪನೂ ಇದ್ದಾರೆ, ಪೇಟೆಯ ಟೈಲರೂ ಇದ್ದಾರೆ.

ಕೋವಿಡ್ ಕಾಲದಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. 2018-19ರಲ್ಲಿ ಕೃಷಿಯಲ್ಲಿದ್ದವರು ಶೇ. 42.5. ಎರಡೇ ವರ್ಷದಲ್ಲಿ ಅದು 46.5ಕ್ಕೆ ಏರಿತು. ಹೊಲ ಹಿಗ್ಗಿರಲಿಲ್ಲ. ಪೇಟೆ ಬಾಗಿಲು ಹಾಕಿತ್ತು, ಜನ ಊರಿಗೆ ಬಂದರು. 2020-21ರಲ್ಲಿ ದೇಶದ ಜಿಡಿಪಿ ಶೇ. 5.8 ಕುಗ್ಗಿದಾಗಲೂ ಕೃಷಿ ಬೆಳೆಯಿತು. ಬೇರೆ ವಲಯಗಳು ಬೇಕಾದಷ್ಟು ಜನರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತವೆ, ಬೇಡದಾಗ ಕಳಿಸುತ್ತವೆ. ಕೃಷಿ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ. ಈ ಎರಡನ್ನೂ 'ಉದ್ಯೋಗ' ಅಂತ ಒಂದೇ ಕಾಲಮ್ಮಿನಲ್ಲಿ ಬರೆದರೆ ಕೃಷಿ ಅಸಮರ್ಥವಾಗಿ ಕಾಣುವುದು ಸಹಜ, ಅಲ್ವಾ?

ಕೋವಿಡ್ ಮುಗಿದರೂ 2023-24ರವರೆಗೆ ಆ ಅಂಕಿ ಯಾಕೆ ಇಳಿಯಲಿಲ್ಲ? ಮುಖ್ಯ ಕಾರಣ ಹೆಂಗಸರು. 2017-18ರಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಶೇ. 23.3 ಮಂದಿ ದುಡಿಯುವವರ ಅಥವಾ ಕೆಲಸ ಹುಡುಕುವವರ ಲೆಕ್ಕದಲ್ಲಿದ್ದರು. 2023-24ಕ್ಕೆ ಅದು 41.7. ಬಹುಪಾಲು ಏರಿಕೆ ಹಳ್ಳಿಗಳದ್ದು. ಅವರಲ್ಲಿ ಅನೇಕರು ಮನೆಯ ಹೊಲದಲ್ಲಿ, ಕೊಟ್ಟಿಗೆಯಲ್ಲಿ ಸಂಬಳವಿಲ್ಲದೆ ದುಡಿಯುವವರು. ಸಮೀಕ್ಷೆ ಇವರನ್ನು ಉದ್ಯೋಗಿ ಎಂದೇ ಎಣಿಸುತ್ತದೆ. ಹಳ್ಳಿಯ ಗಂಡಸರಲ್ಲಿ ಕೃಷಿಯ ಪಾಲು ಇದೇ ಅವಧಿಯಲ್ಲಿ 55ರಿಂದ 49.4ಕ್ಕೆ ಇಳಿಯಿತು, ಹೆಂಗಸರಲ್ಲಿ 73.2ರಿಂದ 76.9ಕ್ಕೆ ಏರಿತು. ಅಣ್ಣ ಪೇಟೆಗೆ ಹೋದ, ಅವ್ವನ ಕೆಲಸ ಹೆಚ್ಚಾಯಿತು. ಅವ್ವ ಮೊದಲೂ ದುಡಿಯುತ್ತಿದ್ದಳು, ಈಗ ಪಟ್ಟಿಯಲ್ಲಿ ಕಾಣುತ್ತಿದ್ದಾಳೆ ಅನ್ನುವುದೂ ಇದರಲ್ಲಿ ಸೇರಿದೆ. ಯಾವುದು ಎಷ್ಟು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರ ಜಗಳ ಇನ್ನೂ ನಡೆಯುತ್ತಿದೆ.

ಕರ್ನಾಟಕದಲ್ಲಿ ಈ ಚಿತ್ರ ಇನ್ನೂ ಗಾಢ. ರಾಜ್ಯದ ಉತ್ಪಾದನೆಯಲ್ಲಿ ಸೇವೆಗಳದ್ದು ಸುಮಾರು ಮೂರನೇ ಎರಡು ಭಾಗ. ಬೆಂಗಳೂರು ನಗರ ಜಿಲ್ಲೆ ಒಂದೇ ಮೂರನೇ ಒಂದು ಭಾಗಕ್ಕೂ ಜಾಸ್ತಿ ಕೊಡುತ್ತದೆ. 2021-22ರಲ್ಲಿ ಅಲ್ಲಿನ ತಲಾ ಆದಾಯ ಕಲಬುರಗಿಯದರ ಸುಮಾರು ಐದು ಪಟ್ಟು. ಹಾಗಾಗಿ 'ಕರ್ನಾಟಕದ ಆರ್ಥಿಕತೆ ಸೇವಾ ಪ್ರಧಾನ' ಎಂದು ಬರೆಯುವಾಗ ಪಕ್ಕದಲ್ಲೇ ಬೆಂಗಳೂರಿನ ಹೆಸರು ಬರೆಯಿರಿ. ಹಾವೇರಿಯಲ್ಲಿ ನಿಂತು ನೋಡಿದರೆ ಆ ವಾಕ್ಯಕ್ಕೆ ಅರ್ಥವೇ ಇರುವುದಿಲ್ಲ.

ಅಂಕಿಗಳ ಗೊಂದಲವನ್ನು ಬೇಗ ಮುಗಿಸುತ್ತೇನೆ. 2023-24ರಲ್ಲಿ ಕೃಷಿಯ ಪಾಲು ಆ ವರ್ಷದ ಬೆಲೆಯಲ್ಲಿ ಸುಮಾರು 18. 2011-12ರ ಸ್ಥಿರ ಬೆಲೆಯಲ್ಲಿ, ಅಂದರೆ ಬೆಲೆ ಆ ವರ್ಷದಷ್ಟೇ ಇದೆ ಅಂತ ಹಿಡಿದು ಲೆಕ್ಕ ಹಾಕಿದರೆ, 14-15. ತಯಾರಿಕೆ ಇದೇ ರೀತಿ 14 ಮತ್ತು 17. ಎರಡೂ ಸರಿ. ಪಾಲು ಹೇಳುವಾಗ ಆ ವರ್ಷದ ಬೆಲೆ, ಬೆಳವಣಿಗೆ ದರ ಹೇಳುವಾಗ ಸ್ಥಿರ ಬೆಲೆ ಬಳಸಿ. ಉದ್ಯೋಗದ ಅಂಕಿಗೆ ಸಮೀಕ್ಷೆಯ ವರ್ಷ ಬರೆಯಿರಿ, ಅದು ವರ್ಷದ ಲೆಕ್ಕವೋ ವಾರದ ಲೆಕ್ಕವೋ ನೋಡಿ. ಇಷ್ಟು ಮಾಡಿದರೆ ಪರೀಕ್ಷಕರು ತಕರಾರು ತೆಗೆಯುವುದಿಲ್ಲ.

ಕೊನೆಯದಾಗಿ, ನೀವು ಕೇಳದಿದ್ದರೂ ನಿಮ್ಮ ಪ್ರಶ್ನೆಯ ಹಿಂದೆ ಇರುವ ಮಾತು: ಪರೀಕ್ಷೆ ಆಗದಿದ್ದರೆ ಮುಂದೇನು? ವಲಯದ ಹೆಸರು ನೋಡಿ ಕೆಲಸ ಹುಡುಕಬೇಡಿ. ಕೆಲಸ ಕೊಡುವವರು ಎಂಥವರು ನೋಡಿ. ಕೃಷಿಯ ಹೊರಗೆ ಸಂಬಳಕ್ಕೆ ದುಡಿಯುವವರಲ್ಲೂ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಲಿಖಿತ ಒಪ್ಪಂದ ಇಲ್ಲ. ಹಾಗಾಗಿ ನೇಮಕ ಪತ್ರ ಕೊಡುತ್ತಾರಾ, ಪಿಎಫ್ ಕಟ್ಟುತ್ತಾರಾ, ಕೆಲಸ ಕಲಿಸುತ್ತಾರಾ ಅಂತ ಮೊದಲು ಕೇಳಿ. ಬಿ.ಕಾಂ. ಓದಿದ್ದೀರಿ, ಜಿಎಸ್‌ಟಿ ಮತ್ತು ಟ್ಯಾಲಿ ಗಟ್ಟಿ ಮಾಡಿಕೊಳ್ಳಿ. ನಿಮ್ಮ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ಸುತ್ತ ಶೀತಲಗೃಹಗಳು, ವ್ಯಾಪಾರಿ ಸಂಸ್ಥೆಗಳು, ಸಂಸ್ಕರಣಾ ಘಟಕಗಳು ಇವೆ. ಅಲ್ಲಿ ಲೆಕ್ಕ ಬರೆಯಲು ಸೇರಿದರೆ ಸಮೀಕ್ಷೆಯವರು ನಿಮ್ಮನ್ನು ಕೃಷಿಯ ಹೊರಗೆ ಹಾಕುತ್ತಾರೆ. ಹೊಲ ಇದ್ದಲ್ಲೇ ಇರುತ್ತದೆ. ನಿಮ್ಮ ನಾಲ್ಕು ಎಕರೆಯ ಬೆಳೆ ಒಂದು ಚೀಲವೂ ಕಡಿಮೆಯಾಗಲಿಕ್ಕಿಲ್ಲ, ಕಳೆ ತೆಗೆಯುವ ವಾರ ಮಾತ್ರ ರಜೆ ಹಾಕಬೇಕಾದೀತು.